ಕಮಲಾಪುರದ ಹಳ್ಳದಲ್ಲಿ ಕೋಲು ಹಿಡಿದವರು

ಕಿರ್ರ್… ಟಕ್. ಕಿರ್ರ್… ಟಕ್. ಅದು ನಮ್ಮ ಆಫೀಸಿನ ಪ್ಲಾಟರ್ ಮಶೀನಿನ ಸದ್ದು. ಮದ್ರಾಸಿನಲ್ಲಿ, ನಾಲ್ಕನೇ ಮಹಡಿಯ ತಣ್ಣನೆ ಕೋಣೆಯಲ್ಲಿ, ಆ ಮಶೀನು ದಿನವಿಡೀ ಕಾಗದ ಕಕ್ಕುತ್ತಾ ಕೂತಿರುತ್ತಿತ್ತು. ಈಗ ನನ್ನ ಕಿವಿ ಮಂದವಾಗಿದೆ, ಬಾಗಿಲ ಗಂಟೆಯೂ ಕೇಳಿಸುವುದಿಲ್ಲ. ಆದರೆ ಆ ಸದ್ದು ಮಾತ್ರ ಎಲ್ಲೂ ಹೋಗಿಲ್ಲ. ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯನ್ನು ನೆನೆದರೆ ಸಾಕು, ಮೊದಲು ಅದೇ ಕೇಳುತ್ತದೆ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಗುಲ್ಬರ್ಗದ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಒಬ್ಬರು, ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ, "ಶೋ ಮಿ" ಅಂದು ಕೈ ಚಾಚಿ ನಿಲ್ಲುತ್ತಿದ್ದರು. ತೋರಿಸು, ಇಲ್ಲವೆ ಬಾಯಿ ಮುಚ್ಚು. ಆ ಚಾಚಿದ ಕೈ ನನ್ನ ತಲೆಯೊಳಗೆ ಇವತ್ತಿಗೂ ಹಾಗೇ ಇದೆ. ಆಮೇಲೆ ಓದಿದ್ದು ಜಿಯಾಲಜಿ. ಅದೂ ಮುಟ್ಟಿ ನೋಡುವ ವಿದ್ಯೆಯೇ. ಅತ್ತೆಯಂದಿರು, ಮೌಶಿಯರು ಕೂತು ಅವರ ಕನಸಿನಲ್ಲಿ ಇವರು ಬಂದರು, ಇವರಿಗೆ ಅವರು ಕಂಡರು ಎಂದು ಹೇಳುವಾಗ ನಾನು ಎದ್ದು ಹೋಗಿ ಕಾಫಿ ಮಾಡುತ್ತಿದ್ದೆ. ಹಾಗಾಗಿ ನೀವು ಇದನ್ನು ಓದಿ ಎದ್ದು ಹೋದರೆ ನನಗೆ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನನ್ನ ಕೆಲಸ ಏನಿತ್ತೆಂದು ಸ್ವಲ್ಪ ಹೇಳಬೇಕು. ಸಮುದ್ರದ ಮೇಲೆ ಹಡಗು ಹೋಗುತ್ತಾ ನೀರಿನೊಳಗೆ ಒಂದು ದೊಡ್ಡ ಸದ್ದು ಮಾಡುತ್ತದೆ. ಆ ಸದ್ದು ನೀರು ದಾಟಿ, ತಳದ ಕೆಸರು ದಾಟಿ, ಅದರ ಕೆಳಗಿನ ಕಲ್ಲಿನ ಪದರಗಳಿಗೆ ಬಡಿದು ವಾಪಸ್ಸು ಬರುತ್ತದೆ. ಬಂದ ಪ್ರತಿಧ್ವನಿಗಳನ್ನು ಗೆರೆಗೆರೆಯಾಗಿ ಕಾಗದದ ಮೇಲೆ ಇಳಿಸಿದರೆ ಅದು ಸೈಸ್ಮಿಕ್ ಸೆಕ್ಷನ್. ಅದನ್ನು ಓದುವವಳು ನಾನು, ಇಂಟರ್‌ಪ್ರಿಟರ್. ಆಳ ಸಮುದ್ರದ ತಳದಲ್ಲೂ ನದಿಯ ಪಾತ್ರದಂಥ ಕಾಲುವೆಗಳಿರುತ್ತವೆ. ದಂಡೆಯ ಕಡೆಯಿಂದ ಮರಳು-ಕೆಸರು ಜಾರಿ ಇಳಿಯುವಾಗ ಕೊರೆದ ದಾರಿಗಳು ಅವು. ನಾವು ಚಾನೆಲ್ ಅನ್ನುತ್ತೇವೆ. ಎಷ್ಟೋ ಕಾಲದ ಹಿಂದಿನ ಚಾನೆಲ್ಲುಗಳು ಮರಳು ತುಂಬಿಕೊಂಡು ಹೂತುಹೋಗಿವೆ. ಆ ಮರಳಿನ ಸಂದಿಯಲ್ಲಿ ಗ್ಯಾಸೋ ಎಣ್ಣೆಯೋ ಇರಬಹುದು. ಮರಳು ದಪ್ಪವಾಗಿ ಕೂತದ್ದು ಎಲ್ಲಿ ಎಂದು ಹೇಳುವುದು ನನ್ನ ಪಾಲಿನ ಕೆಲಸ.

ತೊಂದರೆ ಏನೆಂದರೆ ಸೈಸ್ಮಿಕ್ಕಿನ ಕಣ್ಣು ಬಹಳ ಮಂಜು. ನಾಲ್ಕಂತಸ್ತಿನ ಕಟ್ಟಡದಷ್ಟು ದಪ್ಪದ ಕಲ್ಲು ಅದಕ್ಕೆ ಒಂದೇ ಒಂದು ಗೆರೆ. ಆ ಗೆರೆಯೊಳಗೆ ಏನೇನಿದೆಯೋ ಕಾಣುವುದಿಲ್ಲ. ಅದಕ್ಕೆ ಈ ವಿದ್ಯೆಯವರು ನೆಲದ ಮೇಲೆ, ಬೆಟ್ಟದ ಬದಿಯಲ್ಲೋ ಹಳ್ಳದ ದಂಡೆಯಲ್ಲೋ ಅಂಥದೇ ಹಳೆಯ ಚಾನೆಲ್ಲು ಸೀಳಿಕೊಂಡು ಹೊರಗೆ ಕಾಣುವ ಜಾಗ ಹುಡುಕಿಕೊಂಡು ಹೋಗುತ್ತಾರೆ. ಔಟ್‌ಕ್ರಾಪ್. ಅದನ್ನು ಕಣ್ಣಾರೆ ನೋಡಿ, ಓಹೋ ನಮ್ಮ ಗೆರೆಯೊಳಗೆ ಇಂಥದ್ದು ಇರಬಹುದು ಎಂದು ತಿಳಿಯುವುದು. ಹೊರದೇಶದವರು ಅದಕ್ಕೆಂದೇ ಬೆಟ್ಟ ಹತ್ತುತ್ತಿದ್ದರು. ನಮಗೆ ಸಿಗುತ್ತಿದ್ದದ್ದು ಅವರ ಫೋಟೋಗಳ ಝೆರಾಕ್ಸು. ಕಪ್ಪು ಮಸಿಯಲ್ಲಿ ಬೆಟ್ಟವೂ ಕಾಣುತ್ತಿರಲಿಲ್ಲ, ಪದರವೂ ಕಾಣುತ್ತಿರಲಿಲ್ಲ.

ಆ ವರ್ಷ ನಮ್ಮ ಟೀಮು ಎರಡು ಬಾವಿ ಕೊರೆದು ಎರಡರಲ್ಲೂ ಸೋತಿತ್ತು. ಎರಡನೆಯದು ನಾನು ತೋರಿಸಿದ ಜಾಗ. ಮೂರನೆಯದು ಕೊನೆಯದೆಂದು ಮೇಲಿನವರು ಹೇಳಿಯಾಗಿತ್ತು. ಅದೂ ಹೋದರೆ ಟೀಮು ಬರಖಾಸ್ತು, ನನ್ನನ್ನು ಲೈಬ್ರರಿಗೆ ಹಾಕುತ್ತಾರೆಂದು ಗುಸುಗುಸು. ಸೆಕ್ಷನ್ನಿನಲ್ಲಿ ನಮ್ಮ ಚಾನೆಲ್ಲು ಒಂದು ಬೋಗುಣಿಯಂತೆ ಕಾಣುತ್ತಿತ್ತು. ಅದರ ಬಲಗಡೆಯ ಅಂಚು ಥಳಥಳ ಹೊಳೆಯುತ್ತಿತ್ತು. ಹೊಳಪು ಇದ್ದಲ್ಲಿ ಮರಳು ಹೆಚ್ಚು, ಅಲ್ಲೇ ಕೊರೆಯೋಣ ಎಂದು ಚೀಫ್‌ನಿಂದ ಹಿಡಿದು ಎಲ್ಲರದೂ ಒಂದೇ ಮಾತು. ನನಗೆ ಮಾತ್ರ ಏನೋ ಅಡ್ಡ ಬರುತ್ತಿತ್ತು. ನಾನು ಸೋತ ಬಾವಿಯನ್ನೂ ಹೊಳಪು ನೋಡಿಯೇ ತೋರಿಸಿದ್ದೆ. ಆದರೆ ಬೇಡ ಅನ್ನಲು ಕಾರಣ ಬೇಕಲ್ಲ! ಹೆಂಗಸು, ಅದರಲ್ಲೂ ಒಮ್ಮೆ ತಪ್ಪಿದವಳು, "ನನಗೆ ಹಾಗನ್ನಿಸುತ್ತೆ" ಅಂದರೆ ಆ ಕೋಣೆಯಲ್ಲಿ ಯಾರು ಕೇಳುತ್ತಾರೆ? ಕೊರೆಯುವ ಜಾಗದ ಕಾಗದಕ್ಕೆ ಸಹಿ ನನ್ನದು ಬೇಕಿತ್ತು. ಐದು ದಿನದ ಸಮಯ ಕೇಳಿಕೊಂಡೆ. ಊರಲ್ಲಿ ಅಣ್ಣನ ಮಗನ ಮುಂಜಿ ಇತ್ತು.

ಹೀಗೆ ಗುಲ್ಬರ್ಗಕ್ಕೆ ಬಂದೆ. ಈಗ ಕಲಬುರಗಿ ಅನ್ನುತ್ತಾರೆ, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ಅಣ್ಣನ ಮನೆ ತುಂಬಾ ನೆಂಟರು. ನಾನು ಮಾಳಿಗೆಯ ಮೇಲೆ ಜಮಖಾನೆ ಹಾಸಿ ಅದರ ಮೇಲೆ ಸೆಕ್ಷನ್ ಬಿಡಿಸಿದೆ. ನಮ್ಮಲ್ಲಿ ಒಂದು ರೂಢಿ ಇದೆ. ಕಾಗದವನ್ನು ಮೇಲಿನಿಂದ ನೋಡದೆ, ಒಂದು ತುದಿಯಲ್ಲಿ ಗಲ್ಲ ನೆಲಕ್ಕೆ ಹಚ್ಚಿ, ಒಂದೇ ಕಣ್ಣಿನಿಂದ ಉದ್ದಕ್ಕೂ ನೋಡುವುದು. ಸಣ್ಣ ಓರೆಗಳು ಆಗ ಕಣ್ಣಿಗೆ ಬೀಳುತ್ತವೆ. ನಲವತ್ತು ದಾಟಿದ ಹೆಂಗಸು ಹಾಗೆ ಬಿದ್ದುಕೊಂಡದ್ದನ್ನು ಅಮ್ಮನ ತಂಗಿ ಇಂದೂ ಮೌಶಿ ನೋಡಿದಳು.

"ಅಗ ಬಾಯೀ! ಏನಾತs ಇಕಿಗೆ? ಇದೇನ ಇಸಿಜಿ ಏನು? ಯಾರದು?"

"ಸಮುದ್ರದ್ದು ಮೌಶಿ" ಅಂದೆ.

"ಸಮುದ್ರಕ್ಕೂ ಹಾರ್ಟ್ ಪ್ರಾಬ್ಲೆಮ್ಮು? ಕೆಳಗೆ ಬಾ, ಹೂರಣ ರುಬ್ಬೋದದ. ಮೊದಲು ನಿನ್ನ ಬಿಪಿ ನೋಡ್ಕೋ."

ಮರುದಿನ ಬೆಳಿಗ್ಗೆ ಅಮ್ಮ ಹೇಳಿದಳು, ಮುಂಜಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಬೇಕು, ಯಾರಾದರೂ ಹೋಗಿ ತರಬೇಕು. ನಾನು ಹೋಗುತ್ತೇನೆ ಅಂದೆ. ಮನೆಯ ಗಲಾಟೆಯಿಂದ ತಪ್ಪಿಸಿಕೊಳ್ಳಲು, ನಿಜ ಹೇಳಬೇಕೆಂದರೆ. ನೋಟ್‌ಬುಕ್ಕು, ಪೆನ್ಸಿಲ್ಲು ಪರ್ಸಿನಲ್ಲಿ ಇದ್ದೇ ಇರುತ್ತಿದ್ದವು. ಬಸ್ಸು ಮಹಾಗಾಂವ ದಾಟಿ ಕಮಲಾಪುರ ಮುಟ್ಟುವಾಗ ಹನ್ನೊಂದಾಗಿತ್ತು. ವೈಶಾಖದ ಬಿಸಿಲು. ತೋಟದವ, "ಗೊನಿ ಕಡೀಬೇಕ್ರಿ, ಮೂರ ಗಂಟಿಕ ಬರ್ರಿ" ಅಂದ. ನಾನು ಬಸ್ ಸ್ಟ್ಯಾಂಡಿನ ಎದುರಿನ ಚಹದ ಅಂಗಡಿಯಲ್ಲಿ ಕೂತೆ.

ಅಲ್ಲಿಗೆ ಶರಣಪ್ಪ ಕಾಕಾ ಬಂದರು.

ಅವರು ಯಾರೆಂದರೆ, ನಮ್ಮ ತಂದೆಯ ಖಲಾಸಿ. ತಂದೆ ಸರ್ಕಾರದಲ್ಲಿ ಜಿಯಾಲಜಿಸ್ಟ್ ಆಗಿದ್ದರು; ವರ್ಷದ ಆರು ತಿಂಗಳು ಡೇರೆಯಲ್ಲಿ. ಡೇರೆ ಹೊಡೆಯುವುದು, ಕಲ್ಲಿನ ಚೀಲ ಹೊರುವುದು, ಅಳತೆಯ ಕೋಲು ಹಿಡಿದು ನಿಲ್ಲುವುದು ಖಲಾಸಿಯ ಕೆಲಸ. ಶರಣಪ್ಪ ಕಾಕಾ ಇಪ್ಪತ್ತು ವರ್ಷ ತಂದೆಯ ಜೊತೆ ಕೋಲು ಹಿಡಿದವರು. ರಜೆಯಲ್ಲಿ ನಾನೂ ಕ್ಯಾಂಪಿಗೆ ಹೋಗುತ್ತಿದ್ದೆ, ಅವರ ಹೆಗಲ ಮೇಲೆ ಕೂತು ಹಳ್ಳ ದಾಟಿದ್ದೇನೆ. ಅವರಿಗೆ ಅಮ್ಮ ಬಾಯಾರು, ನಾನು ಸಣ್ ಬಾಯಾರು; ನನ್ನನ್ನು ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ತಂದೆ ತೀರಿಕೊಂಡ ಮೇಲೂ ಅವರು ಹಬ್ಬಕ್ಕೆ ಮನೆಗೆ ಬರುತ್ತಿದ್ದರು. ರಿಟೈರ್ ಆಗಿ ಗುಲ್ಬರ್ಗದ ಕೋಟೆಯ ಹತ್ತಿರದ ಓಣಿಯಲ್ಲಿ ಮಗನ ಜೊತೆ ಇದ್ದರು. ನಾನು ಅವರನ್ನು ನೋಡಿ ಮೂರು ವರ್ಷವಾಗಿತ್ತು.

"ಸಣ್ ಬಾಯಾರs, ಇಲ್ಲೇನ್ ಮಾಡಾಕತ್ತೀರಿ ಬಿಸಲಾಗ?" ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಚೌಕಡಿಯ ವಲ್ಲಿ. ಕುತ್ತಿಗೆಯ ಎಡಕ್ಕೆ ಹಳೆಯ ಸುಟ್ಟ ಕಲೆ. ಏನೂ ಬದಲಾಗಿರಲಿಲ್ಲ. ಅವರನ್ನು ಅಲ್ಲಿ ಕಂಡು ನನಗೆ ಆಶ್ಚರ್ಯವೇ ಆಗಲಿಲ್ಲ. ಮಹಾಗಾಂವಿಗೆ ಮಗಳನ್ನು ಕೊಟ್ಟಿದ್ದರು, ಬಂದಿರಬಹುದು ಅಂದುಕೊಂಡೆ. ಚಹ ಬೇಡ ಅಂದರು. ನನ್ನ ಮುಖ ನೋಡಿ, "ಯಾಕ್ರಿ, ಮಾರಿ ಸಣ್ದಾಗೇದ" ಅಂದರು.

ಹೇಳಿದೆ. ಬಾವಿಯದು, ಹೊಳಪಿನದು, ಸಹಿಯದು. ಓದು-ಬರಹ ಬಾರದ ಮನುಷ್ಯನಿಗೆ ಆಳ ಸಮುದ್ರದ ಕಥೆ ಹೇಳುತ್ತಿದ್ದೇನೆ ಎಂಬ ಅಳುಕು ಇರಲಿಲ್ಲ. ಕಲ್ಲಿನ ವಿಷಯ ಅವರಿಗೆ ಹೇಳಿದಷ್ಟು ಸಲೀಸಾಗಿ ನನ್ನ ಟೀಮಿಗೂ ಹೇಳಿಲ್ಲ. ಅವರು ಎಲ್ಲ ಕೇಳಿ ಎದ್ದು ನಿಂತರು. "ಬರ್ರಿ. ಒಂದ್ ಗ್ವಾಡಿ ಅದ. ನೋಡಿ ಬರಮು."

ಗ್ವಾಡಿ ಅಂದರೆ ಗೋಡೆ; ನೆಟ್ಟಗೆ ನಿಂತ ಕಲ್ಲಿನ ಮುಖಕ್ಕೆ ಅವರು ಹಾಗನ್ನುತ್ತಿದ್ದರು. ಅರ್ಧ ಗಂಟೆ ನಡೆದೆವು. ಅವರು ಮುಂದೆ, ನಾನು ಹಿಂದೆ. ದಾರಿಯಲ್ಲಿ ಒಂದು ಬಣವಿಯಿಂದ ಉದ್ದನೆಯ ಜೋಳದ ದಂಟು ಎಳೆದುಕೊಂಡರು. ಒಣಗಿದ ಹಳ್ಳ, ಅದಕ್ಕೆ ಅಡ್ಡಲಾಗಿ ಬಾಂದಾರ, ಅಂದರೆ ಚಿಕ್ಕ ಒಡ್ಡು, ಕಟ್ಟಬೇಕೆಂದು ಯಾರೋ ಮಶೀನು ತಂದು ದಂಡೆಯನ್ನು ನೆಟ್ಟಗೆ ಕೊಯ್ದಿದ್ದರು. ಹೊಸ ಕೊಯ್ತ, ಮಣ್ಣಿನ ಗುಡ್ಡೆ ಇನ್ನೂ ಹಸಿ. ಆ ಸೀಮೆಯಲ್ಲೆಲ್ಲ ಮೇಲೆ ಕರಿಕಲ್ಲು, ಹಳೆಯ ಲಾವಾ. ಆದರೆ ಇಲ್ಲಿ ಎರಡು ಕರಿಕಲ್ಲಿನ ಹಾಸುಗಳ ನಡುವೆ ಬಿಳಿ ಮರಳುಗಲ್ಲು ಕಾಣುತ್ತಿತ್ತು. ಒಂದು ಲಾವಾ ಹರಿದು ಆರಿದ ಮೇಲೆ, ಇನ್ನೊಂದು ಬರುವ ಮುಂಚೆ, ಅಲ್ಲಿ ಒಂದು ಪುಟ್ಟ ಹೊಳೆ ಹರಿದಿತ್ತು. ಆ ಹೊಳೆಯ ಪಾತ್ರ ಅಡ್ಡಕ್ಕೆ ಸೀಳಿಕೊಂಡು ನನ್ನ ಮುಂದೆ ನಿಂತಿತ್ತು, ಬೋಗುಣಿಯ ಆಕಾರದಲ್ಲಿ. ಸಮುದ್ರದ ಚಾನೆಲ್ಲಲ್ಲ ಅದು, ಗೊತ್ತು. ಅಳತೆಯಲ್ಲಿ ಸಾಸಿವೆಗೂ ಕುಂಬಳಕಾಯಿಗೂ ಇರುವ ವ್ಯತ್ಯಾಸ. ಆದರೆ ಕೊರೆಯುವುದು, ತುಂಬುವುದು, ಮತ್ತೆ ಕೊರೆಯುವುದು, ಆ ನಡೆ ಒಂದೇ.

ಮಶೀನು ತೋಡಿದ ಹೊಂಡದಲ್ಲಿ ಸ್ವಲ್ಪ ನೀರು ನಿಂತಿತ್ತು, ಕಾಕಾ ಅದರಲ್ಲಿ ವಲ್ಲಿ ತೋಯಿಸಿ ಗೋಡೆಯನ್ನು ಒರೆಸಿದರು. ತಂದೆಯ ಕಾಲದಿಂದಲೂ ಅವರ ಕ್ರಮ ಅದು. ಸುತ್ತಿಗೆ ಹಾಕುವ ಮುಂಚೆ ಕಲ್ಲಿನ ಮುಖ ತೊಳೆಯಬೇಕು. ತೋಯ್ದಲ್ಲೆಲ್ಲ ಪದರಗಳು ಎದ್ದವು. ದೊಡ್ಡ ಬೋಗುಣಿಯೊಳಗೆ ಸಣ್ಣ ಬೋಗುಣಿಗಳು, ಒಂದರ ಮೇಲೊಂದು, ಒಂದೊಂದೂ ಮೊದಲಿನದಕ್ಕಿಂತ ಎಡಕ್ಕೆ ಸರಿದು. ನಡುವೆ ಕೆಸರಿನ ತೆಳು ಗೆರೆ. ಬಲಗಡೆಯ ಅಂಚಿನಲ್ಲಿ ಮರಳು-ಕೆಸರು, ಮರಳು-ಕೆಸರು ಎಂದು ಬೆರಳು ದಪ್ಪದ ಪಟ್ಟೆಗಳು. ಎಡಗಡೆಯ ಹೊಟ್ಟೆಯಲ್ಲಿ ಬರೀ ಮರಳು, ಆಳೆತ್ತರ.

ನಾನು ಹತ್ತಿರ ಹೋಗಿ ಮೂಗು ಹಚ್ಚಿ ನೋಡುತ್ತಿದ್ದೆ. ಅವರು ಬಿಡಲಿಲ್ಲ.

"ಹಿಂದ ಸರೀರಿ."

ಸರಿದೆ.

"ಇನ್ನೂ ಹಿಂದ. ಹಳ್ಳ ದಾಟ್ರಿ. ಆ ಜಾಲಿ ಗಿಡದ ತನಾ ಹೋಗ್ರಿ."

ಜಾಲಿಯ ನೆರಳಿಗೆ ಹೋಗಿ ತಿರುಗಿ ನೋಡಿದೆ. ಅಷ್ಟು ದೂರದಿಂದ ಸಣ್ಣ ಪದರ ಯಾವುದೂ ಕಾಣುತ್ತಿರಲಿಲ್ಲ. ಬಲಗಡೆಯ ಪಟ್ಟೆಗಳೆಲ್ಲ ಕೂಡಿ ಒಂದೇ ಹೊಳೆಯುವ ಗೀರಾಗಿದ್ದವು. ಎಡಗಡೆಯ ದಪ್ಪ ಮರಳು ಮಂಕಾಗಿ, ಏನೂ ಇಲ್ಲದ ಹಾಗೆ ಕೂತಿತ್ತು. ನಮ್ಮ ಸೆಕ್ಷನ್ನಿನ ಚಿತ್ರ! ಪದರಗಳು ಹೆಚ್ಚಾದಲ್ಲಿ, ತೆಳುವಾದಲ್ಲಿ, ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಹೊಳಪು ಎದ್ದಿದೆ. ದಪ್ಪ ಮರಳೊಳಗೆ ಸದ್ದನ್ನು ವಾಪಸ್ಸು ಕಳಿಸುವ ಗೆರೆಯೇ ಇಲ್ಲ, ಅದಕ್ಕೇ ಮಂಕು. ನಾವು ಎರಡು ಸಲ ಅಂಚನ್ನೇ ಕೊರೆದಿದ್ದೆವು.

"ದಡಿ ನೋಡಿ ಸೀರಿ ತಗೋತೀರೇನ್ರಿ?" ಕಾಕಾ ಆಚೆ ದಂಡೆಯಿಂದ ಕೂಗಿದರು. "ಒಡಲ ನೋಡ್ರಿ, ಒಡಲ!"

ಆಮೇಲೆ ಅಳತೆ. ಅವರು ಜೋಳದ ದಂಟನ್ನು ಗೋಡೆಗೆ ನೆಟ್ಟಗೆ ಹಿಡಿದು ನಿಂತರು, ನಾನು ಜಾಲಿಯ ಬುಡದಲ್ಲಿ ಕೂತು ದಂಟಿನ ಗಣಿಕೆ, ಅಂದರೆ ಗಿಣ್ಣು, ಎಣಿಸಿ ಬರೆದುಕೊಂಡೆ. ಅವರು ಐದು ಹೆಜ್ಜೆ ಸರಿಯುವರು, ಮತ್ತೆ ನಿಲ್ಲುವರು, "ಹಿಡದೀನಿ, ತಗೋರಿ" ಅನ್ನುವರು. ಏಳು ಕಡೆ ಅಳೆದೆವು. ಪುಟದ ಮೇಲೆ "ಕೋಲು: ಶರಣಪ್ಪ" ಎಂದು ಬರೆದೆ. ಇದು ತಂದೆ ಕಲಿಸಿದ ಕಟ್ಟುನಿಟ್ಟು. ಕೋಲು ಹಿಡಿದವರ ಹೆಸರಿಲ್ಲದ ಅಳತೆಯನ್ನು ಅವರು ಹರಿದು ಎಸೆಯುತ್ತಿದ್ದರು. ಕೋಲು ಓರೆ ಹಿಡಿದರೆ ಇಡೀ ಲೆಕ್ಕ ಓರೆ. ಹೊಣೆ ಹೊತ್ತವರ ಹೆಸರು ಬೇಕು ಅನ್ನುತ್ತಿದ್ದರು. ಎಷ್ಟೋ ಸಾಹೇಬರ ಪುಸ್ತಕಗಳಲ್ಲಿ ಸಾಹೇಬರ ಹೆಸರಷ್ಟೇ ಇರುತ್ತದೆ. ನಮ್ಮ ತಂದೆಯದರಲ್ಲಿ ಹಾಗಿರಲಿಲ್ಲ.

ಕೆಲಸ ಮುಗಿದಾಗ ಎರಡೂವರೆ. "ನೀವ್ ನಡೀರಿ, ಬಾಳಿಹಣ್ಣಿನಂವ ಕಾಯ್ತಾನ. ನಾ ಈ ಕಡಿಂದ ಹೋಗ್ತೀನಿ" ಅಂದು ಅವರು ಹಳ್ಳದ ಗುಂಟ ಮಹಾಗಾಂವಿನ ದಿಕ್ಕಿಗೆ ನಡೆದರು. ನಾನು ಹಣ್ಣಿನ ಗೊನೆ ಹೊತ್ತುಕೊಂಡು ಬಸ್ಸು ಹಿಡಿದೆ. ಮೈ ಹಗುರಾಗಿತ್ತು, ಪಕ್ಕದ ಸೀಟಿನ ಹೆಂಗಸಿಗೆ ಕಾರಣವಿಲ್ಲದೆ ನಾಲ್ಕು ಹಣ್ಣು ಕೊಟ್ಟೆ.

ಮನೆಗೆ ಬಂದು ಕಾಲು ತೊಳೆಯುತ್ತಾ ಅಮ್ಮನಿಗೆ ಹೇಳಿದೆ, ಕಮಲಾಪುರದಲ್ಲಿ ಶರಣಪ್ಪ ಕಾಕಾ ಸಿಕ್ಕಿದ್ದರು ಅಂತ. ಅಮ್ಮ ಹಣ್ಣು ಎಣಿಸುವುದನ್ನು ನಿಲ್ಲಿಸಿದಳು.

"ಯಾವ ಶರಣಪ್ಪ?"

"ನಮ್ಮ ಶರಣಪ್ಪ. ಮತ್ಯಾರು?"

"ಹುಚ್ಚಿ, ಅವಂಗ ತೊಡಿ ಎಲುವು ಮುರದು ಒಂದೂವರಿ ತಿಂಗಳಾತು. ದವಾಖಾನಿಯೊಳಗ ಮಲಗ್ಯಾನ. ನಿನ್ನೆ ನಿಮ್ಮಣ್ಣ ಮುಂಜಿ ಪತ್ರಿಕಾ ಕೊಟ್ಟು ಬಂದಾನ ಅಲ್ಲೇ."

ಬಾವಿಯ ಚಿಂತೆಯಲ್ಲಿದ್ದ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಅಣ್ಣ ನಕ್ಕ, ಬಿಸಿಲು ತಲೆಗೇರಿದೆ ಅಂದ. ಇಂದೂ ಮೌಶಿ ಮಾತ್ರ ನಗಲಿಲ್ಲ, ದೇವರ ಮುಂದಿನ ಅಂಗಾರ, ಧೂಪದ ಬೂದಿ, ತಂದು ನನ್ನ ಹಣೆಗೆ ಹಚ್ಚಿದಳು. ಯಾವಾಗಲೂ ಬೇಡ ಅನ್ನುವವಳು ಅವತ್ತು ಸುಮ್ಮನೆ ಹಚ್ಚಿಸಿಕೊಂಡೆ.

ಬೆಳಿಗ್ಗೆ ಎದ್ದವಳೇ ದವಾಖಾನೆಗೆ ಹೋದೆ. ಜನರಲ್ ವಾರ್ಡಿನ ಕೊನೆಯ ಮಂಚ. ಶರಣಪ್ಪ ಕಾಕಾ ಮಲಗಿದ್ದರು, ಕಾಲನ್ನು ಮೇಲಕ್ಕೆತ್ತಿ ಹಗ್ಗ ಕಟ್ಟಿ, ಹಗ್ಗದ ತುದಿಗೆ ಇಟ್ಟಿಗೆ ತೂಗುಬಿಟ್ಟಿದ್ದರು. ಬಿಳಿ ಗಡ್ಡ ಬೆಳೆದಿತ್ತು. ನಿನ್ನೆ ನಾನು ನೋಡಿದ ಮುಖಕ್ಕೆ ಗಡ್ಡ ಇರಲಿಲ್ಲ. ಕುತ್ತಿಗೆಯ ಎಡಕ್ಕೆ ಅದೇ ಕಲೆ.

"ಸಣ್ ಬಾಯಾರ! ಯಾವಾಗ ಬಂದ್ರಿ?" ಅವರ ಕಣ್ಣಲ್ಲಿ ನೀರು ಬಂತು. ಅದು ಮೂರು ವರ್ಷದ ಮೇಲೆ ಕಂಡವರ ಕಣ್ಣು, ನಿನ್ನೆ ಕಂಡವರದಲ್ಲ. ನಾನು ಹೇಗೆ ಶುರು ಮಾಡಲಿ? ಎಲ್ಲ ಹೇಳಿದೆ, ನೋಟ್‌ಬುಕ್ಕು ಬಿಚ್ಚಿ ತೋರಿಸಿದೆ. ಅವರ ಹೆಂಡತಿ ನೀಲಮ್ಮ ಕಾಕು ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳುತ್ತಿದ್ದವರು ತಟ್ಟನೆ ಅಂದರು: "ಇಂವೇನ್ ಹೋಗ್ತಾನ್ರಿ ಬಾಯಾರ! ಒಂದಕ್ಕ ಕೂಡ ನಾನೇ ಡಬ್ಬಿ ಹಿಡೀತೀನಿ. ಕಮಲಾಪುರಕ್ಕ ಹೋಗುಹಂಗಿದ್ರ ನನಗೊಂದ್ ಡಜನ್ ಹಣ್ಣರ ತರ್ತಿದ್ದಿಲ್ಲೇನು?"

ಕಾಕಾ ನಗಲಿಲ್ಲ, ಹೆದರಲೂ ಇಲ್ಲ. ಚಿತ್ರವನ್ನು ಎದೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಓದು ಬಾರದಿದ್ದರೂ ಇಂಥ ಚಿತ್ರ ನೋಡುವುದು ಅವರಿಗೆ ತಿಳಿಯುತ್ತಿತ್ತು.

"ಛಲೋ ಗ್ವಾಡಿ" ಅಂದರು. "ನಾ ನೋಡಿಲ್ಲ ಇದಕ್ಕ. ಆ ಕಡಿ ಸಾಹೇಬ್ರ ಕ್ಯಾಂಪ್ ಎಂದೂ ಹಾಕಿಲ್ಲ." ಕೋಲಿನ ಗುರುತಿನ ಮೇಲೆ ಬೆರಳಿಟ್ಟು, "ಕೋಲ ನೆಟ್ಟಗ ಹಿಡದಿದ್ನೇನ್ರಿ ಅಂವ?" ಅಂದರು.

"ಹೌದು ಕಾಕಾ."

"ಹಂಗಾದ್ರ ಅಳತಿ ಖರೇ ಅದ. ನೀವ್ ಧೈರ್ಯಲೇ ಹೇಳ್ರಿ ನಿಮ್ ಸಾಹೇಬಗ."

ಮುಂಜಿ ಮುಗಿಸಿ ಮದ್ರಾಸಿಗೆ ಹೋದೆ. ಮೀಟಿಂಗಿನಲ್ಲಿ ಗೋಡೆಗೆ ಸೆಕ್ಷನ್ನು, ಅದರ ಪಕ್ಕದಲ್ಲಿ ನನ್ನ ಹಳ್ಳದ ಚಿತ್ರ. ಹೊಳಪು ಬಿಟ್ಟು, ಎಡಕ್ಕೆ ಸರಿದು ಮಂಕಿನಲ್ಲಿ ಕೊರೆಯಬೇಕು ಅಂದೆ. ನಮ್ಮ ಚೀಫು ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಕಹಿ. "ಒಂದು ಹಳ್ಳಿಯ ಚರಂಡಿ ನೋಡಿ ಬಂಗಾಳ ಕೊಲ್ಲಿ ಕೊರೆಯೋಣವಾ, ಮೇಡಂ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ನಕ್ಕರು. ನಾನು ನಗು ನಿಲ್ಲುವ ತನಕ ಕಾದು, ಅವರನ್ನು ಕೋಣೆಯ ಆ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಕನ್ನಡಕ ತೆಗೆಯಲು ಹೇಳಿದೆ. ಅಲ್ಲಿಂದ ಎರಡು ಚಿತ್ರಗಳನ್ನೂ ಅವರು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, "ತಪ್ಪಾದರೆ ನೀವೊಬ್ಬರೇ ಅಲ್ಲ, ನಾನೂ ಹೋಗುತ್ತೇನೆ" ಅಂದರು. ಇಬ್ಬರೂ ಸಹಿ ಹಾಕಿದೆವು.

ಮಂಕಿನಲ್ಲಿ ಮರಳಿತ್ತು. ದಪ್ಪ, ಸ್ವಚ್ಛ ಮರಳು, ಅದರ ತುಂಬ ಗ್ಯಾಸು. ಕೊರೆದು ತೆಗೆದ ಕಲ್ಲಿನ ಕಂಬ ಪೆಟ್ಟಿಗೆಗಳಲ್ಲಿ ಬಂದ ದಿನ ನಾನು ಅದರ ಮೇಲೆ ಕೈಯಿಟ್ಟುಕೊಂಡು ನಿಂತೆ. ಟೀಮು ಉಳಿಯಿತು. ನನ್ನ ಮಾತಿಗೆ ಬೆಲೆ ಬಂತು. ರಿಟೈರ್ ಆಗುವ ತನಕ ಉಳಿಯಿತು. ಆಮೇಲೆ ಹೊಸದಾಗಿ ಸೇರಿದ ಎಷ್ಟೋ ಹುಡುಗಿಯರನ್ನು ನಾನು ಬಂಡೆ ತೋರಿಸಲು ಕರೆದುಕೊಂಡು ಹೋದೆ. ಆ ಎಲ್ಲದಕ್ಕೂ ಮೂಲ ಆ ಮಧ್ಯಾಹ್ನ.

ಹಾಗಾದರೆ ಅದು ಏನು? ನನಗೆ ನಾನೇ ವಕೀಲಳಾಗಿ, ಜಡ್ಜಾಗಿ ಬಹಳ ವಾದ ಮಾಡಿದ್ದೇನೆ. ಬಿಸಿಲು ಅನ್ನೋಣ. ಆದರೆ ಬಿಸಿಲು ಬಡಿದವಳು ಮೂರು ಗಂಟೆಗೆ ಸರಿಯಾಗಿ ಹೋಗಿ ಹಣ್ಣು ಆರಿಸಿ ತರುತ್ತಾಳೆಯೇ? ಅವರ ಹಾಗೇ ಇರುವ ಬೇರೆ ಯಾರೋ ಅನ್ನೋಣ. ಕಲೆ? ಆ "ಸಣ್ ಬಾಯಾರ"? ಎಲ್ಲ ನನ್ನ ಮನಸ್ಸಿನಲ್ಲೇ ಮೊದಲೇ ಇತ್ತು, ಝೆರಾಕ್ಸುಗಳಲ್ಲಿ ಓದಿದ್ದು ಹೊರಗೆ ಬಂತು ಎಂದು ನನ್ನ ಸ್ನೇಹಿತೆಯೊಬ್ಬಳು ಹೇಳಿದಳು. ಇರಬಹುದು. ಆದರೆ ನೋಟ್‌ಬುಕ್ಕಿನಲ್ಲಿ ಏಳು ಅಳತೆಗಳಿವೆ. ಅವೆಲ್ಲ ಹಳ್ಳದ ಆಚೆಯಿಂದ, ಜಾಲಿಯ ಬುಡದಲ್ಲಿ ಕೂತು ಓದಿದವು. ಚಿತ್ರದ ಕೋನವೇ ಹೇಳುತ್ತದೆ. ಈ ದಂಡೆಯಲ್ಲಿ ಕೂತವಳು ಆ ದಂಡೆಯಲ್ಲಿ ಕೋಲು ಹಿಡಿಯಲಾರಳು. ಚಹದ ಅಂಗಡಿಯವನನ್ನು ಮುಂದೊಮ್ಮೆ ಕೇಳಿದೆ. "ದಿನಾ ನೂರ್ ಮಂದಿ ಬರ್ತಾರ್ರಿ ಅಕ್ಕಾರ" ಅಂದ. ನ್ಯಾಯವೇ. ಸಿಸ್ಟರ್ ಚಾಚಿದ ಕೈಯ ಮೇಲೆ ಇಡಲು ನನ್ನ ಹತ್ತಿರ ಇರುವುದು ಆ ಒಂದು ಪುಟ ಮಾತ್ರ. ಅದು ಸಾಲುವುದಿಲ್ಲವೆಂದೂ ಗೊತ್ತು.

ಶರಣಪ್ಪ ಕಾಕಾ ಚೇತರಿಸಿಕೊಂಡರು. ಎರಡು ವರ್ಷದ ಮೇಲೆ ಊರಿಗೆ ಬಂದಾಗ ಅಣ್ಣನ ಜೀಪಿನಲ್ಲಿ ಅವರನ್ನು ಆ ಹಳ್ಳಕ್ಕೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಬಾಂದಾರ ಕಟ್ಟಿಯಾಗಿತ್ತು, ಗೋಡೆಯ ಕೆಳಗಿನ ಭಾಗ ಹೂಳಿನಲ್ಲಿತ್ತು. ನಾನು ಅವರನ್ನೇ ನೋಡುತ್ತಿದ್ದೆ. ಎಲ್ಲಿ ಇಳಿಯಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನೇ ಕೈ ಹಿಡಿದು ಇಳಿಸಿದೆ. ಹೊಸ ಜಾಗಕ್ಕೆ ಬಂದವರ ಹಾಗೆ ಸುತ್ತ ಕಣ್ಣಾಡಿಸಿದರು. ಗೋಡೆಯ ಮೇಲೆ ಅಂಗೈ ಆಡಿಸಿ, "ನಿಮ್ಮಪ್ಪಾರು ನೋಡಬೇಕಿತ್ತು" ಅಂದರು, ಅಷ್ಟೇ.

ನಾನು ಚೀಲದಿಂದ ನಮ್ಮ ರಿಪೋರ್ಟಿನ ಒಂದು ಪುಟದ ಪ್ರತಿ ತೆಗೆದೆ. ಹಳ್ಳದ ಚಿತ್ರದ ಕೆಳಗೆ ಅಚ್ಚಿನಲ್ಲಿ, ಕೋಲು ಹಿಡಿದು ಸಹಾಯ ಮಾಡಿದವರು ಶ್ರೀ ಶರಣಪ್ಪ, ನಿವೃತ್ತ ಖಲಾಸಿ, ಅವರಿಗೆ ಕೃತಜ್ಞತೆಗಳು ಎಂದು ಇಂಗ್ಲಿಷಿನಲ್ಲಿತ್ತು. ಅದನ್ನು ಹಾಕಿಸಲು ನಾನು ಚೀಫಿನ ಹತ್ತಿರ ಜಗಳವಾಡಿದ್ದೆ. ಓದಿ ಹೇಳಿದೆ. ಅವರ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಕಸಿವಿಸಿಪಟ್ಟರು.

"ಇದ್ ತಪ್ಪಾತಲ್ರೀ ಬಾಯಾರ. ಹಿಡೀಲಾರ್ದ್ ಕೋಲಿಗಿ ನನ್ ಹೆಸರ ಹ್ಯಾಂಗ ಹಾಕಿದ್ರಿ?"

"ನೀವೇ ಹಿಡಿದಿದ್ರಿ ಕಾಕಾ. ನಾನು ಕಣ್ಣಾರೆ ನೋಡೀನಿ."

"ನೀವ್ ನೋಡೀರಿ, ಸುಳ್ಳನಂಗಿಲ್ಲ. ಆದ್ರ ನಾ ಹಿಡದಿಲ್ಲ. ಅದೂ ಸುಳ್ಳಲ್ಲ."

ನನಗೆ ಅಳು ಬಂತು. ಮತ್ತೆ ಯಾರಿಗೆ ಹೇಳಲಿ ನಾನು, ಇಷ್ಟು ದೊಡ್ಡ ಉಪಕಾರಕ್ಕೆ ಯಾರ ಕೈ ಹಿಡಿಯಲಿ ಎಂದು ಕೇಳಿದೆ. ಅವರು ಕೈ ಚಾಚಿ ಆ ಪುಟ ಇಸಕೊಂಡರು. ನಾಲ್ಕು ಮಡಿಕೆ ಮಾಡಿದರು, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಮೇಲಿಂದ ಒಮ್ಮೆ ತಟ್ಟಿ ನೋಡಿದರು.

"ನನ್ ಹಂತ್ಯಾಕ ಇರ್ಲಿ. ಆ ಕೋಲ ಹಿಡದಂವ ಎಲ್ಯಾರ ಭೆಟ್ಟಿ ಆದ್ನಂದ್ರ, ಅಂವಗ ಮುಟ್ಟಸ್ತೀನಿ."

ಬರುವಾಗ ಜೀಪಿನಲ್ಲಿ ನಿದ್ದೆ ಹೋದರು. ಕೋಟೆಯ ಹತ್ತಿರ ಅವರ ಓಣಿಯ ಬಾಯಿಗೆ ಜೀಪು ನಿಲ್ಲಿಸಿದೆವು. ಒಳಗೆ ಅದು ಹಿಡಿಯುವುದಿಲ್ಲ. ನಾನು ಕೈ ಹಿಡಿದು ಮನೆಯ ತನಕ ಬಿಡುತ್ತೇನೆ ಅಂದರೆ ಬೇಡ ಅಂದರು. ಊರುಗೋಲು ಊರುತ್ತಾ, ಎದುರು ಬರುವವರಿಗೆಲ್ಲ ಗೋಡೆಗೆ ಸರಿದು ದಾರಿ ಬಿಡುತ್ತಾ ನಿಧಾನಕ್ಕೆ ನಡೆದರು. ಬರುವ ಪ್ರತಿಯೊಬ್ಬರ ಮುಖವನ್ನೂ ತಲೆಯೆತ್ತಿ ಒಂದು ಕ್ಷಣ ನೋಡುತ್ತಿದ್ದರು. ಇನ್ನೊಂದು ಕೈ ಎದೆಯ ಜೇಬಿನ ಮೇಲಿತ್ತು. ಓಣಿ ತಿರುಗುವ ತನಕ ನಾನು ಅವರನ್ನು ನೋಡಿದೆ. ಅದೇ ಕೊನೆ.